ಅಂಗಡಿ ಫೋನಿನಲ್ಲಿದೆ, ಲೆಕ್ಕದ ಪುಸ್ತಕ ಯಾರ ಮನೆಯಲ್ಲಿದೆ?

(ಕಳಸದ ಕಡೆಯ ಹಳ್ಳಿಯೊಂದರಲ್ಲಿ ಸಣ್ಣ ಬೆಳೆಗಾರರೂ ಕೈಕಸುಬಿನವರೂ ಸೇರಿದ್ದಾಗ ಆಡಿದ ಮಾತು. ಆಡಿದ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದೆ.)



ನಮ್ಮ ಕಾಫಿ ತೋಟಗಳು ಇಂಟರ್ನೆಟ್ಟಿಗೆ ಹೋಗಿ ಬಹಳ ಕಾಲ ಆಯ್ತು. ಹಾಕಿದವರು ನಾವಲ್ಲ, ಬ್ಯಾಂಕಿನವರು. 2002ರ ಸರ್ಫೇಸಿ ಕಾಯ್ದೆ ಹಿಡಿದುಕೊಂಡು, ಸಾಲ ತೀರದ ತೋಟಗಳನ್ನು ಇ-ಹರಾಜಿಗೆ ಇಡುತ್ತಾರೆ. ಸರ್ವೆ ನಂಬರು, ಚೆಕ್ಕುಬಂದಿ, ಸವಾಲಿನ ಮೊತ್ತ ಎಲ್ಲವೂ ಅದರಲ್ಲಿ ಅಚ್ಚುಕಟ್ಟಾಗಿ ಇರುತ್ತೆ. ಕೃಷಿ ಭೂಮಿಗೆ ಆ ಕಾಯ್ದೆಯಲ್ಲೇ ವಿನಾಯಿತಿ ಇದೆ, ಕಾಫಿ ತೋಟ ಕೃಷಿ ಭೂಮಿಯಲ್ಲದೆ ಮತ್ತೇನು ಸ್ವಾಮೀ ಅಂತ ಬೆಳೆಗಾರರು ವರ್ಷಗಟ್ಟಲೆ ಕೇಳುತ್ತಾ ಬಂದಿದ್ದಾರೆ. ಆ ವ್ಯಾಜ್ಯ ಇವತ್ತಿನ ನನ್ನ ವಿಷಯ ಅಲ್ಲ. ತೋಟವನ್ನೇ ಮಾರಿಹಾಕೋದಕ್ಕೆ ಈ ಯಂತ್ರ ಚೆನ್ನಾಗಿ ಕೆಲಸ ಮಾಡುತ್ತೆ. ತೋಟದಲ್ಲಿ ಹುಟ್ಟಿದ್ದನ್ನು ನಾವೇ ನಾಲ್ಕು ಜನ ಸೇರಿ ಮಾರೋದಕ್ಕೂ ಅದು ಆಗುತ್ತಾ, ಆಗಬೇಕಾದರೆ ಏನೇನು ಬೇಕು ಅನ್ನೋದನ್ನ ನಮ್ಮ ಅನುಭವದಿಂದ ಹೇಳ್ತೀನಿ. ನಾನು ಭಾಷಣಕಾರ ಅಲ್ಲ. ತಪ್ಪು ಮಾಡಿದವನು, ಅಷ್ಟೇ ಅರ್ಹತೆ.

ನಾವು ಹನ್ನೊಂದು ಮನೆಯವರು. ಆರು ಮನೆ ನನ್ನಂಥ ಸಣ್ಣ ಬೆಳೆಗಾರರು, ಎರಡು ಮನೆ ಆಚಾರ್ರು, ಮೂರು ಮನೆ ಬುಟ್ಟಿ ನೇಯುವ ಮೇದರು. ಕಿತ್ತ ಕಾಫಿ ಬುಡದಲ್ಲಿ ಸ್ಟೂಲು, ಕಾಫಿ ಕಡ್ಡಿಯ ಊರುಗೋಲು, ಬಿದಿರಿನ ಬುಟ್ಟಿ, ಮೊರ. ಇವನ್ನೆಲ್ಲ ಒಂದೇ ಹೆಸರಿನಲ್ಲಿ, ಒಂದೇ ಅಂಗಡಿಯಾಗಿ ಫೋನಿನ ಮೂಲಕ ಮಾರೋಣ ಅಂತ ಹೊರಟೆವು. ಹಿಂದೆ ಇದೇ ಸ್ಟೂಲನ್ನು ಹೊರನಾಡಿನ ರಸ್ತೆಯಲ್ಲಿ ಯಾತ್ರಿಕರಿಗೆ ಮಾರ್ತಿದ್ದರು, ಇಲ್ಲವೇ ಬೆಂಗಳೂರಿನಿಂದ ಬರುವ ವ್ಯಾಪಾರಿ ಹೇಳಿದ ರೇಟಿಗೆ ಕೊಡ್ತಿದ್ದರು. ಅವನು ಅಲ್ಲಿ ಎಷ್ಟಕ್ಕೆ ಮಾರ್ತಾನೆ ಅಂತ ನಮ್ಮ ಹುಡುಗರು ಫೋನಿನಲ್ಲಿ ತೋರಿಸಿದ ದಿವಸ ಆಚಾರ್ರು ಊಟ ಮಾಡಲಿಲ್ಲ.

ಒಟ್ಟಾಗಿ ಮಾರೋದು ನಮಗೆ ಹೊಸದಲ್ಲ ಅಂತ ಮೊದಲು ನೆನಪು ಮಾಡಿಕೊಳ್ಳಿ. ಇಲ್ಲಿ ಕೂತಿರುವ ಹಿರಿಯರಿಗೆ ಪೂಲ್ ಗೊತ್ತು. ಎರಡನೇ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋದಾಗ 1940ರಲ್ಲಿ ಸುಗ್ರೀವಾಜ್ಞೆ ಬಂತು, 1942ರಲ್ಲಿ ಅದೇ ಕಾಫಿ ಮಾರುಕಟ್ಟೆ ಕಾಯ್ದೆ ಆಯ್ತು. ಬೆಳೆದ ಕಾಫಿಯನ್ನೆಲ್ಲ ಪೂಲಿಗೆ ಕೊಡಬೇಕು. ಬೋರ್ಡು ಮೊದಲ ಕಂತು ಕೊಡುತ್ತೆ. ಆಮೇಲೆ ಮಾರಾಟವಾದ ಹಾಗೆಲ್ಲ ಪಾಯಿಂಟು ಲೆಕ್ಕದಲ್ಲಿ ಉಳಿದ ಕಂತುಗಳು. ದೊಡ್ಡ ಎಸ್ಟೇಟಿನವನದೂ ನನ್ನ ಅಪ್ಪನ ಎರಡು ಎಕರೆಯದೂ ಒಂದೇ ರಾಶಿಗೆ ಬೀಳ್ತಿತ್ತು, ಬೆಲೆ ಬಿದ್ದಾಗ ಸಣ್ಣವನು ಒಬ್ಬಂಟಿಯಾಗಿ ಬೀಳ್ತಿರಲಿಲ್ಲ. ಅದು ಒಳ್ಳೆಯದೇ. ಆದರೆ ಕಂತು ಬರೋದು ಯಾವಾಗ? ಕೆಲವು ವರ್ಷದ ಕೊನೆಯ ಕಂತು ಮುಂದಿನ ಎರಡು ಕುಯಿಲು ಮುಗಿದ ಮೇಲೆ. ಅಷ್ಟರೊಳಗೆ ಗೊಬ್ಬರಕ್ಕೆ, ಆಳಿಗೆ, ಮಗಳ ಮದುವೆಗೆ ಸಾಹುಕಾರನ ಹತ್ತಿರ ಕೈಗಡ. ಪಾಯಿಂಟಿನ ಲೆಕ್ಕ ಯಾರು ಹಾಕಿದರು, ನಮ್ಮ ಮೂಟೆ ಯಾವ ದರ್ಜೆಗೆ ಹೋಯ್ತು ಅಂತ ಮೂಡಿಗೆರೆಯಲ್ಲಿ ಕೇಳಿದರೆ ಉತ್ತರ ಬೆಂಗಳೂರಿನಿಂದ ಬರಬೇಕು. 1992ರಿಂದ ಸ್ವಲ್ಪ ಸ್ವಲ್ಪ ಪಾಲನ್ನು ಸ್ವಂತವಾಗಿ ಮಾರಲು ಬಿಟ್ಟರು, 1996ಕ್ಕೆ ಪೂರ್ತಿ ಬಿಟ್ಟರು. ಬಿಟ್ಟಾಗ ಖುಷಿಪಟ್ಟೆವು. ಈ ಶತಮಾನದ ಮೊದಲ ಎರಡು ಮೂರು ವರ್ಷ ದರ ನೆಲ ಕಚ್ಚಿದಾಗ ಅದೇ ಜನ ಪೂಲನ್ನು ನೆನೆದು ಅತ್ತಿದ್ದನ್ನೂ ನಾನು ನೋಡಿದ್ದೀನಿ.

ಅಂದರೆ ರಾಶಿ ಹಾಕೋದು ತಪ್ಪಾಗಿರಲಿಲ್ಲ. ದುಡ್ಡು ತಡವಾಯ್ತು, ಲೆಕ್ಕ ದೂರವಾಯ್ತು. ಈ ಎರಡು ಮಾತು ಇಟ್ಟುಕೊಂಡು ಮಂಗಳೂರಿನ ಕ್ಯಾಂಪ್ಕೋ ನೋಡಿ. ಅಡಿಕೆ ಬೆಲೆ ಕುಸಿದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರನ್ನು ಸೇರಿಸಿ ಕಟ್ಟಿದ್ದು. ಅಡಿಕೆ ತೂಗಿದ ಕೂಡಲೇ ದುಡ್ಡು ಕೊಡ್ತಾರೆ ಅನ್ನೋ ನಂಬಿಕೆ ಮೇಲೆ ಅದು ಬೆಳೆಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ಹಾಕಿದರು. ಸದಸ್ಯನಿಗೆ ಕಾರ್ಖಾನೆ ದೂರದ ಮಾತು, ಹತ್ತಿರದ ಮಾತು ತಕ್ಕಡಿ ಮತ್ತು ಚೀಟಿ.

ನಾವು ಅಂಗಡಿ ತೆರೆದಾಗ ಈ ಪಾಠ ಒಂದೂ ನೆನಪಿರಲಿಲ್ಲ. ನಮ್ಮ ತಲೆಯಲ್ಲಿ ಇದ್ದದ್ದು ಫೋಟೋ. ಚೆನ್ನಾಗಿ ಫೋಟೋ ತೆಗೆಯೋ ಒಬ್ಬ ಹುಡುಗ ಇದ್ದ, ಕಾಲೇಜು ಓದಿದವನು. ಅವನ ಫೋನ್ ನಂಬರಿನಲ್ಲೇ ಖಾತೆ ತೆರೆದೆವು. ಬ್ಯಾಂಕ್ ಖಾತೆಯೂ ಅವನದೇ, ಆಧಾರ್ ಅವನದೇ. ಆರು ತಿಂಗಳಿಗೆ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಹೋದ. ಒಳ್ಳೆ ಹುಡುಗ, ಒಂದು ರೂಪಾಯಿ ಮುಟ್ಟಿದವನಲ್ಲ. ಆದರೆ ಇಲ್ಲಿ ಆರ್ಡರು ನೋಡಬೇಕಾದರೆ ಓಟಿಪಿ ಬೆಂಗಳೂರಿಗೆ ಹೋಗುತ್ತೆ. ಅವನು ಆಫೀಸಿನಲ್ಲಿ ಫೋನು ತೆಗೆಯೋ ಹಾಗಿಲ್ಲ. ಸಂಜೆ ಏಳಕ್ಕೆ ಅವನು ನಂಬರು ಹೇಳೋ ಹೊತ್ತಿಗೆ ಇಲ್ಲಿ ಕರೆಂಟು ಹೋಗಿರುತ್ತೆ, ಟವರೂ ಹೋಗಿರುತ್ತೆ. ಹನ್ನೊಂದು ಮನೆಯ ಅಂಗಡಿಯ ಬೀಗದ ಕೈ ಒಬ್ಬನ ಜೇಬಿನಲ್ಲಿ ಊರು ಬಿಟ್ಟುಹೋದ ಹಾಗಾಯ್ತು. ಈಗ ಗುಂಪಿನ ಹೆಸರಿನಲ್ಲೇ ಬೇರೆ ಸಿಮ್ಮು ಇದೆ, ಆ ಫೋನು ಅಂಗಡಿ ಇಟ್ಟಿರುವ ಕೊಟ್ಟಿಗೆ ಬಿಟ್ಟು ಹೋಗೋದಿಲ್ಲ. ಬ್ಯಾಂಕ್ ಖಾತೆ ಗುಂಪಿನದು, ಇಬ್ಬರ ಸಹಿ. ಒಂದು ಸಹಿ ಬೆಳೆಗಾರರ ಮನೆಯದು, ಇನ್ನೊಂದು ಕಸುಬಿನವರ ಮನೆಯದು.

ಎರಡನೇ ತಪ್ಪು ಇನ್ನೂ ನಾಚಿಕೆಯದು, ಯಾಕಂದರೆ ಅದು ಬೆಳೆಗಾರರಾದ ನಮಗೆ ಗೊತ್ತಿರಬೇಕಾಗಿದ್ದ ವಿಷಯ. ಕಾಫಿ ಬುಡ ಎಲ್ಲಿಂದ ಸಿಗುತ್ತೆ? ಅರೇಬಿಕಾ ತೋಟದಲ್ಲಿ ಪ್ರತಿವರ್ಷ ಕೀಳೋದು ಬೋರರ್ ಹಿಡಿದ ಗಿಡ, ಬಿಳಿ ಕಾಂಡ ಕೊರಕ. ಕಿತ್ತು ಸುಡಿ ಅಂತ ಕಾಫಿ ಬೋರ್ಡಿನವರು ಎಷ್ಟು ವರ್ಷದಿಂದ ಹೇಳ್ತಾರೆ. ನಮಗೆ ಸುಡೋದಕ್ಕೆ ಮನಸ್ಸು ಬರಲಿಲ್ಲ, ಪುಕ್ಕಟೆ ಮರ ಅಲ್ಲವಾ, ಸ್ಟೂಲಿನ ಕಾಲಾಯ್ತು. ವಾರ್ನಿಷು ಹೊಡೆದು ಕಳಿಸಿದೆವು. ಎರಡು ಮೂರು ತಿಂಗಳಿಗೆ ಗಿರಾಕಿಯ ಮನೆಯಲ್ಲಿ ಕಾಲಿನಿಂದ ಹುಡಿ ಉದುರೋಕೆ ಶುರುವಾಯ್ತು, ಕೊನೆಗೆ ತೂತು ಕೊರೆದು ದುಂಬಿಯೇ ಹೊರಗೆ ಬಂತು. ಅವರು ಫೋಟೋ ಸಮೇತ ಬರೆದರು. ಸರಿಯಾಗೇ ಬರೆದರು. ಒಂದು ಮನೆಯ ಬುಡ, ಹನ್ನೊಂದು ಮನೆಯ ಹೆಸರು ಹೋಯ್ತು. ಅದೂ ಅಲ್ಲದೆ ಆ ಬುಡಗಳನ್ನು ಕೊಟ್ಟಿಗೆಯಲ್ಲಿ ರಾಶಿ ಹಾಕಿದ್ದರಿಂದ ಪಕ್ಕದ ತೋಟಕ್ಕೂ ನಾವೇ ಹುಳು ಸಾಕಿ ಬಿಟ್ಟ ಹಾಗೆ. ಈಗ ರೊಬಸ್ಟಾ ಬುಡ ಮಾತ್ರ, ಅದಕ್ಕೆ ಈ ಹುಳುವಿನ ಕಾಟ ಇಲ್ಲ. ಬೋರರ್ ಹಿಡಿದ ಅರೇಬಿಕಾ ತೋಟದಲ್ಲೇ ಸುಟ್ಟುಹೋಗಬೇಕು, ಕೊಟ್ಟಿಗೆಗೆ ಬರಕೂಡದು. ಬೀಟೆ, ತೇಗದ ತುಂಡು ಇದೆ ತಗೊಳ್ಳಿ ಅಂತ ಯಾರಾದರೂ ಆಸೆ ತೋರಿಸಿದರೆ ಮುಟ್ಟಬೇಡಿ. ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ಆ ಮರ ರಸ್ತೆಗೆ ಬಂದರೆ ಅಂಗಡಿಯ ಜೊತೆ ಜೀಪೂ ಹೋಗುತ್ತೆ.

ಈಗ ದುಡ್ಡಿನ ಲೆಕ್ಕಕ್ಕೆ ಬರ್ತೀನಿ. ಒಂದು ಸ್ಟೂಲನ್ನು ಗಿರಾಕಿ 1200 ರೂಪಾಯಿಗೆ ಕೊಂಡ ಅಂತ ಇಟ್ಟುಕೊಳ್ಳಿ. ಅಂಗಡಿ ಕಟ್ಟೆ ಕೊಟ್ಟ ಕಂಪನಿ ಕಮಿಷನ್ನು, ಅದು ಇದು ಅಂತ 200 ಹಿಡಿಯಿತು. ಕೊರಿಯರಿಗೆ 450, ಡಬ್ಬಕ್ಕೆ 80. ಉಳಿದದ್ದು 470. ಆಚಾರ್ರ ಕೂಲಿ 350, ವಾರ್ನಿಷು ಮೊಳೆ 60, ಕಳಸದ ಪೇಟೆಗೆ ಸಾಗಿಸಿದ್ದು 30. ಗುಂಪಿಗೆ ಸಿಕ್ಕಿದ್ದು 30 ರೂಪಾಯಿ, ಬುಡಕ್ಕೆ ಬೆಲೆಯನ್ನೇ ಕಟ್ಟಿಲ್ಲ. ಹತ್ತರಲ್ಲಿ ಒಂದು ವಾಪಸು ಬಂತು ಅನ್ನಿ. ಹೋಗೋದಕ್ಕೆ 450, ಬರೋದಕ್ಕೆ 450. ಒಂಬತ್ತು ಸ್ಟೂಲಿನ ಲಾಭ 270, ಒಂದು ವಾಪಸಿನ ಖರ್ಚು 900. ಮಾರಾಟ ಜಾಸ್ತಿ ಆದಷ್ಟೂ ಸಾಲ ಜಾಸ್ತಿ. ಇದು ನಮಗೆ ಗೊತ್ತಾಗೋದಕ್ಕೆ ಒಂದು ವರ್ಷ ಹಿಡಿಯಿತು, ಯಾಕಂದರೆ ದುಡ್ಡು ಖಾತೆಗೆ ಬರ್ತಾ ಇತ್ತು, ಬರೋದು ಕಾಣ್ತಿತ್ತು, ಹೋಗೋದು ಯಾರೂ ಬರೆದಿಡಲಿಲ್ಲ.

ಕೊರಿಯರಿನವನು 450 ಯಾಕೆ ತಗೊಂಡ? ಸ್ಟೂಲು ತೂಗಿದರೆ ನಾಲ್ಕು ಕಿಲೋ. ಅವನು ತೂಕ ಮಾತ್ರ ನೋಡೋದಿಲ್ಲ, ಡಬ್ಬ ಎಷ್ಟು ಜಾಗ ಹಿಡಿಯುತ್ತೆ ಅಂತಲೂ ನೋಡ್ತಾನೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದದ್ದನ್ನೇ ಕಿಲೋ ಅಂತಾನೆ. ಸಾಮಾನ್ಯವಾಗಿ ಕೊರಿಯರಿನವರ ಲೆಕ್ಕ ಇದೇ. 35, 35, 45ರ ಡಬ್ಬ ಅಂದರೆ 11 ಕಿಲೋ ಆಯ್ತು. ಗಾಳಿಗೆ ಏಳು ಕಿಲೋ ಬಾಡಿಗೆ ಕಟ್ಟಿದೆವು! ಇದನ್ನು ಕಂಡುಹಿಡಿದವರು ಓದಿದ ಹುಡುಗರಲ್ಲ, ನಮ್ಮ ಹಿರಿಯ ಆಚಾರ್ರು. ಕಾಲುಗಳನ್ನು ತಿರುಪು ಹಾಕಿ ಕೂರಿಸುವ ಹಾಗೆ ಮಾಡಿದರು. ಬಿಚ್ಚಿ ಅಡ್ಡ ಇಟ್ಟರೆ ಡಬ್ಬದ ಎತ್ತರ 12 ಸೆಂಟಿಮೀಟರು, ಜಾಗದ ಲೆಕ್ಕ 3 ಕಿಲೋದ ಒಳಗೆ. ಈಗ ನಿಜವಾದ ತೂಕ ನಾಲ್ಕಕ್ಕೇ ಬಾಡಿಗೆ. ಅರ್ಧಕ್ಕರ್ಧ ಇಳಿಯಿತು. ಬುಟ್ಟಿಗಳನ್ನು ಒಂದರೊಳಗೆ ಒಂದು ಕೂರುವ ಅಳತೆಗೆ ನೇಯ್ದು ಮೂರರ ಜೋಡಿಯಾಗಿ ಮಾರೋಣ ಅಂದವರು ಮೇದರ ಮನೆಯ ಅಕ್ಕ. ಒಂಟಿ ಬುಟ್ಟಿ ಮಾರೋದನ್ನೇ ಬಿಟ್ಟೆವು. ನೀವು ಏನು ಮಾಡಿದರೂ ಮಾಡೋ ಮೊದಲು ಡಬ್ಬ ಅಳೆಯಿರಿ.

ವಾಪಸು ಬಂದ ಮಾಲಿನ ನಷ್ಟ ಯಾರದು? ಗುಂಪು ಒಡೆಯೋದು ಇಲ್ಲೇ. ಮೊದಲ ವರ್ಷ ನಮ್ಮಲ್ಲಿ ಯಾರು ಮಾಡಿದರೋ ಅವರದು ಅಂತ ಆಯ್ತು. ಆಚಾರ್ರು ಕೇಳಿದರು: ಬುಡ ಕೊಟ್ಟವರು ನೀವು, ಡಬ್ಬ ಕಟ್ಟಿದವರು ನೀವು, ಎಸೆದವನು ಕೊರಿಯರಿನವನು, ಕೂಲಿ ಕಳಕೊಳ್ಳೋದು ನಾನಾ? ಉತ್ತರ ಇರಲಿಲ್ಲ. ಈಗ ಹೀಗೆ: ಮಾಲು ಕೊಟ್ಟಿಗೆಗೆ ಬಂದ ದಿವಸ ಇಬ್ಬರು ಕೂತು ನೋಡ್ತಾರೆ, ಒಬ್ಬರು ಆ ಕಸುಬಿನವರು, ಇನ್ನೊಬ್ಬರು ಆ ಕಸುಬಿನವರಲ್ಲದವರು. ಒಪ್ಪಿ ಪುಸ್ತಕದಲ್ಲಿ ಬರೆದುಕೊಂಡರೆ ಆ ಗಳಿಗೆಯಿಂದ ಅದು ಗುಂಪಿನ ಮಾಲು. ಆಮೇಲೆ ಒಡೆಯಲಿ, ವಾಪಸು ಬರಲಿ, ಬೂಸಲು ಹಿಡಿಯಲಿ, ನಷ್ಟ ಗುಂಪಿನದು. ಒಪ್ಪದಿದ್ದರೆ ಯಾಕೆ ಅಂತ ಹೇಳಿ ವಾಪಸು ಕೊಡಬೇಕು. ತನ್ನ ಮನೆಯ ಮಾಲನ್ನು ತಾನೇ ಒಪ್ಪೋ ಹಾಗಿಲ್ಲ. ನನ್ನ ತಮ್ಮ ತಂದ ಊರುಗೋಲು ಹದಿನೈದರಲ್ಲಿ ಆರನ್ನು ಬಿಸಾಕಿದರು, ಮನೆಯಲ್ಲಿ ಒಂದು ವಾರ ಮಾತಿಲ್ಲ. ಆಗಲಿ.

ಇನ್ನು ಸಾಲದ ಮಾತು. ಕಂಪನಿಯವರು ಗಿರಾಕಿಗೆ ಮಾಲು ಮುಟ್ಟಿ, ವಾಪಸಿನ ಗಡುವು ಮುಗಿದ ಮೇಲೆ ದುಡ್ಡು ಹಾಕ್ತಾರೆ. ಬುಟ್ಟಿ ನೇಯ್ದ ದಿವಸದಿಂದ ದುಡ್ಡು ಕೈಗೆ ಬರೋವರೆಗೆ ಒಂದು ತಿಂಗಳು, ನಲವತ್ತು ದಿವಸ. ಕಾಫಿ ಬೆಳೆಗಾರನಾದ ನನಗೆ ವರ್ಷಕ್ಕೊಮ್ಮೆ ದುಡ್ಡು ನೋಡಿ ಅಭ್ಯಾಸ, ನಾನು ಕಾಯ್ತೀನಿ. ದಿನದ ಅಕ್ಕಿ ದಿನ ತರೋ ಮನೆ ಕಾಯುತ್ತಾ? ಆ ಅಕ್ಕ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ತರ್ತಾರೆ, ಇಲ್ಲವೇ ಗುಂಪಿನಲ್ಲಿ 350ಕ್ಕೆ ಹೋಗೋ ಬುಟ್ಟಿಯನ್ನು ದಾರಿಯಲ್ಲಿ 200ಕ್ಕೆ ಕೊಟ್ಟು ಬರ್ತಾರೆ. ಅವರು ಹಾಗೆ ಕೊಟ್ಟಾಗ ನಮ್ಮವರೇ ಕೆಲವರು ಗುಂಪಿಗೆ ದ್ರೋಹ ಅಂದರು. ದ್ರೋಹ ಅಲ್ಲ ಬಂಧುಗಳೇ, ಹೊಟ್ಟೆ. ಪೂಲಿನ ಕಂತಿಗೆ ಕಾದು ಕಾದು ಕಳ್ಳದಾರಿಯಲ್ಲಿ ಕಾಫಿ ಮಾರಿದವರು ನಮ್ಮ ಅಪ್ಪ ಅಜ್ಜಂದಿರಲ್ಲಿ ಇರಲಿಲ್ಲವೇ?

ಅದಕ್ಕೇ ಷೇರು ಹಾಕಿದೆವು. ಬೆಳೆಗಾರರ ಆರು ಮನೆ ತಲಾ 10,000, ಕಸುಬಿನ ಐದು ಮನೆ ತಲಾ 1,000. ಒಟ್ಟು 65,000. ಮಾಲು ಒಪ್ಪಿ ಬರೆದುಕೊಂಡ ದಿವಸವೇ ಕೂಲಿಯ ಅರ್ಧ ಕೈಗೆ, ಮಾರಾಟವಾಗಲಿ ಬಿಡಲಿ. ಉಳಿದರ್ಧ ತಿಂಗಳ ಕೊನೆಯ ಭಾನುವಾರ, ಪುಸ್ತಕ ಓದಿ ಹೇಳಿ. ಷೇರು ಹೆಚ್ಚು ಕಡಿಮೆ ಇದ್ದರೂ ಮನೆಗೊಂದೇ ವೋಟು. ಇದನ್ನು ಒಪ್ಪಿಸೋದು ಸುಲಭ ಆಗಲಿಲ್ಲ. ಹತ್ತು ಸಾವಿರ ಹಾಕಿದವನಿಗೂ ಸಾವಿರ ಹಾಕಿದವನಿಗೂ ಒಂದೇ ವೋಟಾ ಅಂತ ಜೋರು ಮಾತು ಬಂತು. ಬುಡ ನಮ್ಮದು, ಕೊಟ್ಟಿಗೆ ನಮ್ಮದು, ಜೀಪು ನಮ್ಮದು ಅಂತಲೂ ಬಂತು. ಅದಕ್ಕೆ ನಾನು ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ನಾವು ಬೆಲೆ ಕೇಳುವಾಗ ಏನಂತೀವಿ? ದುಡಿದವನಿಗೆ ಬೆಲೆ ಕಟ್ಟೋ ಹಕ್ಕು ಬೇಕು ಅಂತೀವಿ. ಕಾಫಿಗೆ ಆ ಮಾತು ಹೇಳಿ, ಸ್ಟೂಲು ಮಾಡಿದ ಆಚಾರ್ರಿಗೆ ನಾವು ಮಂಡಿಯವನ ಹಾಗೆ ಮುಖ ತಿರುಗಿಸಿದರೆ ಯಾವ ಬಾಯಲ್ಲಿ ಬೆಲೆ ಕೇಳೋದು? ಒಬ್ಬ ಬೆಳೆಗಾರ ಎದ್ದು ಹೋದ, ಅವನ ಷೇರು ವಾಪಸು ಕೊಟ್ಟೆವು. ಬೇರೊಬ್ಬರು ಬಂದರು.

ಮಾಡುವವರೇ ಮಾರುವವರೂ ಆಗಬೇಕಾ ಅನ್ನೋದು ಇನ್ನೊಂದು ಪ್ರಶ್ನೆ. ಸಾಗರ ತಾಲೂಕು ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಅಂತ ಮಹಿಳೆಯರ ಸಹಕಾರ ಸಂಘ ಇದೆ, 1996ರದು, ರಂಗಕರ್ಮಿ ಪ್ರಸನ್ನ ಜೊತೆಗೆ ನಿಂತು ಕಟ್ಟಿದ್ದು. ಕೈಮಗ್ಗದ ಬಟ್ಟೆ, ಬಣ್ಣ ಸೊಪ್ಪು ತೊಗಟೆಯದು. ನೇಯೋದು, ಹೊಲಿಯೋದು ಚರಕದ ಕೆಲಸ. ಊರೂರಿನ ಅಂಗಡಿಗಳಲ್ಲಿ ಮಾರೋದಕ್ಕೆ ದೇಸಿ ಅಂತ ಬೇರೆಯೇ ಟ್ರಸ್ಟು. ಲೆಕ್ಕ ಬೇರೆ ಬೇರೆ ಇದ್ದರೆ ಮಾಡೋದರಲ್ಲಿ ನಷ್ಟ ಆಯ್ತಾ, ಮಾರೋದರಲ್ಲಿ ನಷ್ಟ ಆಯ್ತಾ ಅಂತ ಕಾಣುತ್ತೆ. ನಾವು ಸಣ್ಣವರು, ಎರಡು ಸಂಸ್ಥೆ ಮಾಡೋಕಾಗಲ್ಲ, ಆದರೆ ಎರಡು ಪುಸ್ತಕ ಇಟ್ಟಿದ್ದೀವಿ. ಅಷ್ಟು ಗಟ್ಟಿ ಸಂಸ್ಥೆಯೂ ಕೊರೊನಾ ವರ್ಷ, 2020ರಲ್ಲಿ, ತನಗೆ ಆರ್ಥಿಕ ಸಂಕಷ್ಟ ಬಂದಿದೆ ಅಂತ ಸಾರ್ವಜನಿಕವಾಗಿ ಹೇಳಬೇಕಾಯ್ತು. ಹಾಗೆ ಬಾಯಿಬಿಟ್ಟು ಹೇಳಿದ್ದನ್ನು ನಾನು ಮರ್ಯಾದೆಯ ಕೆಲಸ ಅಂತಲೇ ತಿಳಿದಿದ್ದೀನಿ. ನಮ್ಮಲ್ಲಿ ಎಷ್ಟು ಸೊಸೈಟಿಗಳು ಬಾಗಿಲು ಹಾಕೋ ದಿನದವರೆಗೂ ಲಾಭ ತೋರಿಸಿಲ್ಲ! ಮಗ್ಗ ನಿಲ್ಲಬಾರದು ಅಂತ ನೇಯ್ತಾ ಹೋದರೆ ಮಾರಾಟ ನಿಂತ ದಿವಸ ಬಟ್ಟೆಯೇ ಸಾಲವಾಗಿ ಕೂರುತ್ತೆ. ನಮ್ಮ ಕೊಟ್ಟಿಗೆಯಲ್ಲಿ ಅರವತ್ತು ಸ್ಟೂಲಿಗಿಂತ ಹೆಚ್ಚು ಇರಕೂಡದು ಅಂತ ಗೆರೆ ಹಾಕಿದ್ದು ಅದನ್ನು ಯೋಚನೆ ಮಾಡಿಯೇ.

ತೆರಿಗೆ ವಿಷಯ ಬೇಗ ಹೇಳಿ ಮುಗಿಸ್ತೀನಿ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಯಲ್ಲಿ ಮಾಡಿದ ವಸ್ತುವಿಗೆ ತೆರಿಗೆಯೇ ಬೇಡ ಅಂತ ಇದೇ ಪ್ರಸನ್ನ ಬೆಂಗಳೂರಿನಲ್ಲಿ ಉಪವಾಸ ಕೂತರು. ಆಗಿನ ನಿಯಮದಲ್ಲಿ ಇಂಥ ಕಂಪನಿಗಳ ಮೂಲಕ ಒಂದು ಬುಟ್ಟಿ ಮಾರಿದರೂ ನೋಂದಣಿ ಬೇಕಿತ್ತು. ಪೇಟೆಯಲ್ಲಿ ಅಂಗಡಿ ಇಟ್ಟು ಮಾರುವವನಿಗೆ ವರ್ಷದ ವಹಿವಾಟು ಒಂದು ಮಿತಿ ದಾಟುವವರೆಗೆ ಬೇಡ, ಫೋನಿನಲ್ಲಿ ಮಾರುವವನಿಗೆ ಮೊದಲ ರೂಪಾಯಿಯಿಂದ ಬೇಕು! 2023ರ ಅಕ್ಟೋಬರ್ 1ರಿಂದ ಸ್ವಲ್ಪ ಸಡಿಲ ಆಯ್ತು: ಆ ಮಿತಿಯೊಳಗಿನ ಸಣ್ಣವರು ರಾಜ್ಯದ ಒಳಗೆ ಮಾತ್ರ ಮಾರುವುದಾದರೆ, ಪ್ಯಾನ್ ಕೊಟ್ಟು ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಹೊರರಾಜ್ಯಕ್ಕೆ ಕಂಪನಿ ಮೂಲಕ ಕಳಿಸಬೇಕಾದರೆ ನೋಂದಣಿ ತಪ್ಪಿದ್ದಲ್ಲ. ನಾವು ಎರಡು ವರ್ಷ ರಾಜ್ಯದ ಒಳಗೇ ಮಾರಿದೆವು, ಬೆಂಗಳೂರು ಮೈಸೂರು ಸಾಕಾಗಿತ್ತು. ಕಾಫಿ ಪುಡಿ, ಉಪ್ಪಿನಕಾಯಿ ಸೇರಿಸೋಣ ಅಂದರೆ ಆಹಾರ ಇಲಾಖೆಯ ನೋಂದಣಿಯೂ ಬೇಕು. ಅದಕ್ಕೆ ಇನ್ನೂ ಕೈ ಹಾಕಿಲ್ಲ.

ಕಂಪನಿಯ ಕಟ್ಟೆಯಲ್ಲಿ ಕೂತವನು ಕಂಪನಿಯ ಮಾತು ಕೇಳಬೇಕು, ಅದನ್ನೂ ತಿಳಿದೇ ಕೂರಬೇಕು. ಅಮೆರಿಕದಲ್ಲಿ ಎಟ್ಸಿ ಅಂತ ಒಂದು ಕಂಪನಿ, ಕೈಕೆಲಸದವರಿಗೇ ಅಂತ 2005ರಲ್ಲಿ ಶುರುವಾದದ್ದು. 2022ರ ಏಪ್ರಿಲ್‌ನಲ್ಲಿ ಅದು ತನ್ನ ಕಮಿಷನ್ನನ್ನು ನೂರಕ್ಕೆ 5ರಿಂದ 6.5ಕ್ಕೆ ಏರಿಸಿತು. ಸಾವಿರಾರು ಜನ ಒಂದು ವಾರ ಅಂಗಡಿ ಮುಚ್ಚಿ ಮುಷ್ಕರ ಮಾಡಿದರು. ಕಮಿಷನ್ ಇಳಿಯಲಿಲ್ಲ. ಆ ಮುಷ್ಕರದಿಂದ ಹೊರಬಂದ ಕೆಲವರು ಮರುವರ್ಷ ಸದಸ್ಯರೇ ಒಡೆಯರಾದ ಸಹಕಾರಿ ಮಾರುಕಟ್ಟೆಯೊಂದನ್ನು ಕಟ್ಟಿಕೊಂಡರು. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. 2021ರಲ್ಲಿ ಬಾಳೆಕಾಯಿಗೆ ಬೆಲೆ ಇಲ್ಲದಾಗ ಪುತ್ತೂರಿನ 'ಅಡಿಕೆ ಪತ್ರಿಕೆ' ಬಾಳೆಕಾಯಿ ಹುಡಿ, ಬಾಕಾಹು, ಮಾಡಿ ಅಂತ ಚಳವಳಿಯನ್ನೇ ಎಬ್ಬಿಸಿತು. ಮನೆಮನೆಯ ಹೆಂಗಸರು ವಾಟ್ಸಾಪಿನಲ್ಲೇ ಕಲಿತರು, ಕಲಿಸಿದರು, ಮಾರಿದರು. ಕಮಿಷನ್ ಇಲ್ಲ. ನಾವು ಪ್ರತಿ ಡಬ್ಬದೊಳಗೆ ಒಂದು ಕಾಗದ ಇಡ್ತೀವಿ: ಮಾಡಿದವರ ಹೆಸರು, ಊರು, ಗುಂಪಿನ ನಂಬರು. ಎರಡನೇ ಸಲ ಬೇಕಾದವರು ನೇರ ನಮಗೇ ಬರೆಯುತ್ತಾರೆ. ಹೊಸ ಗಿರಾಕಿ ಕಂಪನಿಯಿಂದ, ಹಳೇ ಗಿರಾಕಿ ನಮ್ಮಿಂದ. ಕೆಲವು ಕಂಪನಿಗಳ ಕರಾರಿನಲ್ಲಿ ಅಂಥ ಕಾಗದ ಇಡಬಾರದು ಅಂತ ಇರುತ್ತೆ, ಓದಿಕೊಂಡು ಇಡಿ.

ಪರದೇಶಕ್ಕೆ ಕಳಿಸಿದರೆ ಡಾಲರು ಅಂತ ಹುಡುಗರಿಗೆ ಆಸೆ. ಹಾಳೆತಟ್ಟೆಯವರನ್ನು ಕೇಳಿ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಅಡಿಕೆ ಹಾಳೆಯ ತಟ್ಟೆಗೆ ಅಡ್ಡಿ ಹಾಕಿತು. ಅಲ್ಲಿಗೇ ಅಂತ ಅಚ್ಚು ಒತ್ತಿದವರ ಮಾಲು ಗೋಡೌನಿನಲ್ಲಿ, ಯಂತ್ರಕ್ಕೆ ತಂದ ಸಾಲ ಬ್ಯಾಂಕಿನಲ್ಲಿ.

ಬೆಲೆ ಇರುವಾಗ ಈ ತಾಪತ್ರಯ ಯಾಕೆ ಅನ್ನೋರಿದ್ದಾರೆ. 2025ರ ಆರಂಭದಲ್ಲಿ ಕಾಫಿಗೆ ಹಿಂದೆಂದೂ ಕಾಣದ ರೇಟು ಬಂತು, ನಿಜ. ಆ ವರ್ಷ ನಮ್ಮ ಗುಂಪಿನ ಸಭೆಗೆ ಬೆಳೆಗಾರರು ಬರೋದು ಕಡಿಮೆಯಾಯ್ತು, ಅದೂ ನಿಜ. ಆಚಾರ್ರು ಮಾತ್ರ ಒಂದು ಭಾನುವಾರವೂ ತಪ್ಪಿಸಲಿಲ್ಲ. ರೊಬಸ್ಟಾ ರೇಟು ನೋಡಿ ಗಿಡ ಕೀಳೋದನ್ನೇ ನಿಲ್ಲಿಸಿದ್ದರಿಂದ ಬುಡ ಸಿಗೋದು ಕಷ್ಟವಾಯ್ತು, ಬುಟ್ಟಿಯ ಮೇಲೆ ಅಂಗಡಿ ನಡೆಯಿತು. ಬೆಳೆಗಾರರು ಬುಟ್ಟಿಯ ಲಾಭದಲ್ಲಿ ಷೇರಿನ ಪಾಲು ತಗೊಂಡೆವು. ಮನಸ್ಸಿಗೆ ಚುರುಕ್ ಅಂದಿದ್ದು ಸುಳ್ಳಲ್ಲ.

ಇನ್ನು ಮಳೆಗಾಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಮರ ಊದಿಕೊಳ್ಳುತ್ತೆ, ಬುಟ್ಟಿಗೆ ಬೂಸಲು, ರಟ್ಟಿನ ಡಬ್ಬ ಮೆತ್ತಗಾಗುತ್ತೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ತಿಂಗಳುಗಟ್ಟಲೆ ಮುಚ್ಚಿದ್ದು ನಿಮಗೇ ಗೊತ್ತು. ಮೂರು ದಿವಸದಲ್ಲಿ ಕಳಿಸ್ತೀವಿ ಅಂತ ಬರೆದು ಹತ್ತು ದಿವಸ ಮಾಡಿದರೆ ಕಂಪನಿ ದಂಡ ಹಾಕುತ್ತೆ, ಗಿರಾಕಿ ಬೈತಾನೆ. ಅದಕ್ಕೆ ಜೂನ್ 15ರಿಂದ ಎರಡು ತಿಂಗಳು ಅಂಗಡಿಗೆ ರಜೆ ಅಂತ ಫೋನಿನಲ್ಲೇ ಬೋರ್ಡು ಹಾಕ್ತೀವಿ. ಒಲೆಯ ಅಟ್ಟದ ಮೇಲೆ ಬುಟ್ಟಿ ಒಣಗ್ತಾ ಇರುತ್ತೆ, ಆಚಾರ್ರು ಕಾಲು ಕಡಿದು ಇಡ್ತಾರೆ, ಅರ್ಧ ಕೂಲಿ ಆಗಲೂ ನಿಲ್ಲೋದಿಲ್ಲ. ಷೇರಿನ ದುಡ್ಡು ಪೂರ್ತಿ ಖಾಲಿಯಾಗೋದು ಆ ಎರಡು ತಿಂಗಳಲ್ಲೇ. ಹೋದ ಮಳೆಗಾಲದ ಕೊನೆಗೆ ಖಾತೆಯಲ್ಲಿ 2,300 ರೂಪಾಯಿ ಇತ್ತು.

ಪುಸ್ತಕ ತಂದಿದ್ದೀನಿ, ಎರಡೂ ಇಲ್ಲೇ ಮೇಜಿನ ಮೇಲಿವೆ. ಬರಹ ನಮ್ಮ ಅಕ್ಕನದು, ಸ್ವಲ್ಪ ಸೊಟ್ಟ, ಓದೋದಕ್ಕೆ ಅಡ್ಡಿಯಿಲ್ಲ. ಚಹಾ ಕುಡಿದು ಬಂದು ತಿರುವಿ ನೋಡಿ, ಕೇಳಬೇಕಾದ್ದನ್ನು ಅವರನ್ನೇ ಕೇಳಿ.